ಮೂರು ಭಾಷೆಗೆ ಒಂದು ಕೊಕ್ಕೆ

ನಾನು ನಿವೃತ್ತನಾಗುವ ವರ್ಷ ನಮ್ಮ ದಿನಪತ್ರಿಕೆಯ ಕಂಪ್ಯೂಟರ್ ವಿಭಾಗದ ಇಬ್ಬರು ನನ್ನ ಮೇಜಿನ ಪಕ್ಕ ನಿಂತು ವಾದಿಸುತ್ತಿದ್ದರು. ಪುಟ ಕಟ್ಟಲು ಅವರು ಬರೆಯುತ್ತಿದ್ದ ಸಾಫ್ಟ್‌ವೇರ್‌ನಲ್ಲಿ ಮೂರು ಪ್ರೋಗ್ರಾಮಿಂಗ್ ಭಾಷೆಗಳಿದ್ದವು. ಸುದ್ದಿ ಕಾದಿಡಲು ಒಂದು, ಪುಟ ಜೋಡಿಸಲು ಒಂದು, ಮುದ್ರಣಕ್ಕೆ ಕಳಿಸಲು ಮತ್ತೊಂದು. ಭಾಷೆಗೊಂದು ಫೋಲ್ಡರ್ ಇರಬೇಕೆಂದು ಒಬ್ಬರು, ಕೆಲಸಕ್ಕೊಂದು ಇರಬೇಕೆಂದು ಇನ್ನೊಬ್ಬರು. ಪುಟದ ಅಳತೆಯನ್ನು ಎರಡು ಭಾಷೆಗಳಲ್ಲಿ ತಿದ್ದಿ ಮೂರನೆಯದರಲ್ಲಿ ಮರೆತಿದ್ದರಿಂದ ಹಿಂದಿನ ದಿನ ಒಂದು ಜಾಹೀರಾತು ಅರ್ಧ ಕತ್ತರಿಸಿ ಹೋಗಿತ್ತು.

ಪ್ರೋಗ್ರಾಮಿಂಗ್ ನನಗೆ ತಿಳಿಯದು. ಆದರೆ ಆ ವಾದ ನನಗೆ ಹೊಸದಾಗಿರಲಿಲ್ಲ. ಗೋಕಾಕದ ಒಂದು ಮುದ್ರಣಾಲಯದಲ್ಲಿ, ರಾಜ್ಯ ಒಂದಾಗಿ ಇನ್ನೂ ವರ್ಷ ತುಂಬದಿದ್ದಾಗ, ಅದೇ ತಪ್ಪು ನಡೆದಿತ್ತು. ಮಾಡಿದವನು ನಾನು.

ಅಲ್ಲಿ ನಾನು ಕರಡು ತಿದ್ದುತ್ತಿದ್ದೆ. ಎಲ್ಲರೂ ‘ಮಾಸ್ತರ’ ಎನ್ನುತ್ತಿದ್ದರು. ಕನ್ನಡ ಮತ್ತು ಇಂಗ್ಲಿಷ್ ಅಕ್ಷರ ಜೋಡಿಸುವವನು ಮಸಗುಪ್ಪಿಯವನು, ಮಾತು ಚುರುಕು. ಮರಾಠಿ ಅಕ್ಷರ ಜೋಡಿಸುತ್ತಿದ್ದವರು ವಯಸ್ಸಾದವರು, ಎಲ್ಲರಿಗೂ ಕಾಕಾ. ಕನ್ನಡ ಚೆನ್ನಾಗಿ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ಅಕ್ಷರ ತೊಳೆದ ವಾಸನೆ ಅವರ ಅಂಗಿಯಿಂದ ಎಂದೂ ಹೋಗುತ್ತಿರಲಿಲ್ಲ. ಈಗಲೂ ಎಲ್ಲಾದರೂ ಸೀಮೆಎಣ್ಣೆ ವಾಸನೆ ಬಂದರೆ ನನಗೆ ಆ ಕೋಣೆ, ಕಾಲಿನಿಂದ ತುಳಿಯುವ ಆ ಯಂತ್ರದ ಸದ್ದು, ಮಧ್ಯಾಹ್ನ ಕಾಕಾ ಬಿಚ್ಚುತ್ತಿದ್ದ ರೊಟ್ಟಿ ಗಂಟು ನೆನಪಾಗುತ್ತವೆ.

ಗೋಡೆಗೆ ಮೂರು ತಂತಿ ಕೊಕ್ಕೆಗಳಿದ್ದವು. ಕನ್ನಡಕ್ಕೆ ಒಂದು, ಮರಾಠಿಗೆ ಒಂದು, ಇಂಗ್ಲಿಷಿಗೆ ಒಂದು. ಬಂದ ಬರಹವನ್ನು ಭಾಷೆ ನೋಡಿ ಕೊಕ್ಕೆಗೆ ಚುಚ್ಚುವುದು ನನ್ನ ಕೆಲಸ. ಹುಕ್ಕೇರಿಯ ಮದುವೆ ಪತ್ರಿಕೆಗೂ ಮೂಡಲಗಿ ದನದ ಸಂತೆಯ ಕರಪತ್ರಕ್ಕೂ ಈ ಪದ್ಧತಿ ಸಾಕಾಗಿತ್ತು. ಅವು ಹೆಚ್ಚಾಗಿ ಒಂದೇ ಭಾಷೆಯವು.

ಕಾಲುವೆ ನೀರಿನ ಪಾಳಿ ಪತ್ರಿಕೆ ಹಾಗಲ್ಲ. ಯಾವ ಊರಿಗೆ ಯಾವ ದಿನ ನೀರು ಎಂಬ ಪಟ್ಟಿಯನ್ನು ಮೂರು ಭಾಷೆಗಳಲ್ಲಿ ಅಚ್ಚು ಹಾಕಬೇಕಿತ್ತು. ಕನ್ನಡದ ಹಾಳೆ ಊರೂರಿನ ಚಾವಡಿಗೆ, ಇಂಗ್ಲಿಷಿನದು ಮೇಲಧಿಕಾರಿಗಳಿಗೆ. ಮರಾಠಿಯದು ತೂಬು ಎತ್ತಿ ನೀರು ಬಿಡುವವರಿಗೆ. ಅವರಲ್ಲಿ ಹಳಬರೆಲ್ಲ ಮರಾಠಿ ಶಾಲೆಯಲ್ಲಿ ಓದಿದವರು. ಆ ಸಲ ನೀರಾವರಿ ಕಚೇರಿಯವರು ಬರಹ ಕೊಟ್ಟ ಮೇಲೆ ಇಂಗ್ಲಿಷಿನಲ್ಲಿ ಒಂದು ತಿದ್ದುಪಡಿ ಚೀಟಿ ಬಂತು. ನಾಗನೂರಿನ ಶನಿವಾರದ ಪಾಳಿ ಬುಧವಾರಕ್ಕೆ, ಮಸಗುಪ್ಪಿಯ ಬುಧವಾರದ್ದು ಶನಿವಾರಕ್ಕೆ. ಚೀಟಿ ಇಂಗ್ಲಿಷಿನಲ್ಲಿದ್ದುದರಿಂದ ಇಂಗ್ಲಿಷ್ ಕೊಕ್ಕೆಗೆ ಚುಚ್ಚಿದೆ. ಮಸಗುಪ್ಪಿಯವನು ಅದನ್ನು ನೋಡಿ ತನ್ನ ಎರಡೂ ಭಾಷೆಗಳಲ್ಲಿ ತಿದ್ದಿದ. ಮರಾಠಿಯ ಕರಡನ್ನು ನಾನು ಮರಾಠಿಯ ಮೂಲದೊಂದಿಗೇ ಹೋಲಿಸಿ ನೋಡಿ, ಸರಿಯಿದೆ ಎಂದು ಸಹಿ ಹಾಕಿದೆ.

ಬುಧವಾರ ಕಳೆದು ಗುರುವಾರ ಬೆಳಿಗ್ಗೆ ನಾಗನೂರಿನ ರೈತರೊಬ್ಬರು ಎರಡು ಹಾಳೆ ಹಿಡಿದು ಬಂದರು. ಗೋದಿಗೆ ನೀರು ಹಾಯಿಸಲು ಆಳು ಕರೆದು ದಿನವಿಡೀ ಕಾಲುವೆ ದಂಡೆಯಲ್ಲಿ ಕೂತಿದ್ದರಂತೆ.

“ನೀರಿಗೆ ಓದಾಕ ಬರತೈತೇನ್ರಿ ಸಾವಕಾರ್ರ?” ಎಂದು ಮುದ್ರಣಾಲಯದ ಮಾಲಕರನ್ನು ಕೇಳಿದರು. “ಕನ್ನಡದಾಗ ನಮ್ಮೂರಿಗೆ ಬರತೇನಿ ಅಂದಿತ್ತು. ಮರಾಠಿ ಓದಿ ಮಸಗುಪ್ಪಿಗೆ ಹೋತು ನೋಡ್ರಿ!”

“ನಮ್ಮೂರಿಗೇನ ಉಪಕಾರ ಆಗಿಲ್ರಿ,” ಎಂದ ಮಸಗುಪ್ಪಿಯವನು, ಕೈಯ ಕೆಲಸ ಬಿಡದೆ. “ನಮ್ಮಪ್ಪನ ಗೊಬ್ಬರದ ಗುಂಪಿ ಹರಕೊಂಡು ಹೋಗೈತಿ. ನಿನ್ನಿಯಿಂದ ನನ್ನ ಕೂಡ ಮಾತಾಡಾಕ ಒಲ್ಲ.”

ಮಾಲಕರು ನಗಲಿಲ್ಲ. ಎರಡು ಹಾಳೆಗಳನ್ನು ಪಕ್ಕಪಕ್ಕ ಹಾಸಿ ನೋಡಿದರು. “ಮರಾಠಿ ಕೆಲಸಾನ ಕಡಿಮಿ ಆಗಾಕತ್ತೈತಿ. ಅದರಾಗ ಇಂಥಾ ತಪ್ಪ. ಕಾಕಾ, ಇವತ್ತಿನ ತನಕದ ಪಗಾರ ತಗೊಂಡು ಮನಿಗಿ ನಡೀರಿ.”

ಚೀಟಿ ತನಗೆ ಬಂದೇ ಇಲ್ಲ ಎಂದು ಕಾಕಾ ವಾದಿಸುತ್ತಾರೆ ಎಂದುಕೊಂಡೆ. ಅವರು ಮೆಲ್ಲಗೆ ಹೇಳಿದ್ದು ಬೇರೆ: “ಚೀಟಿ ಬಂದಿತ್ತೋ ಏನೋ ರೀ. ಕಣ್ಣ ಮಬ್ಬಾಗ್ಯಾವು. ನಾನ ನೋಡಿರಾಕಿಲ್ಲ.”

ಕಣ್ಣು ಮಂಜಾದದ್ದನ್ನು ಅವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ನಾನು ತಕ್ಷಣ ಬಾಯಿ ಬಿಡಬೇಕಿತ್ತು. ತಡಮಾಡಿದೆ. ಅವರು ಕೈ ಒರೆಸಿಕೊಂಡು, ಬಾಗಿಲಿಗೆ ಹೋಗಿ, ಎರಡೂ ಚಪ್ಪಲಿ ಮೆಟ್ಟುವಷ್ಟು ತಡ. ಆಮೇಲೆ ಇಂಗ್ಲಿಷ್ ಕೊಕ್ಕೆಯಿಂದ ಚೀಟಿ ಕಿತ್ತು ಮಾಲಕರ ಮುಂದೆ ಇಟ್ಟೆ.

“ಕಾಕಾಂದ ತಪ್ಪಿಲ್ರಿ. ಚೀಟಿ ಅವರ ಕೊಕ್ಕಿಗಿ ಹೋಗೇ ಇಲ್ಲ. ಇಲ್ಲಿ ಹಾಕಿದಾಂವ ನಾನ.”

ಮಾಲಕರು ಚೀಟಿಯನ್ನು ಎರಡು ಸಲ ಓದಿದರು. “ಹಂಗಾರ ಕೇಳ್ರಿ ಮಾಸ್ತರ. ನಾಳಿ ಸಂಜಿಗೆ ಹೊಸಾ ಹಾಳಿ ಹೋಗಬೇಕು. ಮೂರೂ ಒಂದ ಮಾತ ಹೇಳಬೇಕು. ತಪ್ಪಿದ್ರ ಇಬ್ಬರೂ ಕೂಡೇ ಮನಿಗಿ ಹೋಗ್ರಿ.”

ಕಾಕಾ ಚಪ್ಪಲಿ ಕಳಚಿ ಒಳಗೆ ಬಂದರು. ನನ್ನನ್ನು ಬಯ್ಯಲಿಲ್ಲ. ಗೋಡೆಯ ಮುಂದೆ ನಿಂತು ಮೂರು ಕೊಕ್ಕೆಗಳನ್ನು ನೋಡಿ, ಪಾಳಿ ಪತ್ರಿಕೆಗೆ ಸೇರಿದ ಕಾಗದಗಳನ್ನು ಮೂರರಿಂದಲೂ ತೆಗೆಸಿ ಒಂದೇ ಕೊಕ್ಕೆಗೆ ಚುಚ್ಚಿಸಿದರು.

“ಭಾಷಾಕ್ಕ ಒಂದೊಂದು ಕೊಕ್ಕಿ ಬ್ಯಾಡ ತಮ್ಮಾ. ಕೆಲಸಕ್ಕ ಒಂದೊಂದು ಇರ್ಲಿ. ಮತ್ತ ಈ ದಿನಾ-ವಾರ ಐತೆಲ್ಲ, ಅದನ್ನ ಒಂದ ಹಾಳ್ಯಾಗ ಬರಿ. ಮೂರೂ ಮಂದಿ ಅದನ್ನ ನೋಡಿ ಜೋಡಸೋಣು. ಭಾಷಾ ಮೂರ ಇರ್ಲಿ, ವಾರ ಮೂರ ಯಾಕ?”

“ಮಂದಿ ಇರೂದು ಇಬ್ಬರ, ಕಾಕಾ,” ಎಂದ ಮಸಗುಪ್ಪಿಯವನು.

“ನೀ ಎರಡ ಮಂದಿ ಮಾತ ಒಬ್ಬಾವನ ಆಡತಿ. ಲೆಕ್ಕ ಸರಿ ಐತಿ.”

ಆ ಹಾಳೆಯನ್ನು, ಕಾಕಾ ಅವರಿಗೂ ಓದಲು ಬರುವಂತೆ ಒಂದೇ ಸಾಲಿನಲ್ಲಿ ಕನ್ನಡ, ಮರಾಠಿ ಎರಡೂ ಹಾಕಿ, ದಪ್ಪ ಅಕ್ಷರದಲ್ಲಿ ಬರೆದೆ. ತಿದ್ದುಪಡಿ ಬಂದರೆ ಅದರಲ್ಲಿ ಮಾತ್ರ ತಿದ್ದುವುದು ಎಂದಾಯಿತು. ಕಾಕಾ ಅದನ್ನು ಮೂಗಿನ ಹತ್ತಿರ ಹಿಡಿದು ಓದಿ, ಅಚ್ಚಿನ ಮೊಳೆಗಳನ್ನು ಕಣ್ಣಿಟ್ಟು ನೋಡದೆ ಬೆರಳಿನಿಂದಲೇ ಆರಿಸುತ್ತಿದ್ದರು. ಅಷ್ಟು ವರ್ಷದ ಅಭ್ಯಾಸ.

ಮರುದಿನ ಮಧ್ಯಾಹ್ನ ಮೂರು ಕರಡುಗಳೂ ಸಿದ್ಧವಾದವು. ಅವುಗಳನ್ನು ಒಂದೊಂದಾಗಿ ನೋಡಬೇಡಿ, ಎಲ್ಲರೂ ಒಟ್ಟಿಗೆ ಓದಿ ಎಂದರು ಕಾಕಾ. ನಾನು ಊರಿನ ಹೆಸರು ಹೇಳುವುದು, ಪ್ರತಿಯೊಬ್ಬರೂ ತಮ್ಮ ಕರಡಿನಲ್ಲಿರುವ ವಾರ ಹೇಳುವುದು. ಇಂಗ್ಲಿಷ್ ಕರಡು ಹಿಡಿಯಲು ಯಾರೂ ಇಲ್ಲದೆ ಮಾಲಕರೇ ಹಿಡಿದರು. ನಾಗನೂರು, ಬುಧವಾರ, ಮೂರು ಸಲ. ಮಸಗುಪ್ಪಿ, ಶನಿವಾರ, ಮೂರು ಸಲ. ಇನ್ನೊಂದು ಊರಿಗೆ ಬಂದಾಗ ಇಬ್ಬರು ಗುರುವಾರ ಎಂದರು. ಮಾಲಕರು ಶುಕ್ರವಾರ ಎಂದರು.

“ಹಾಂ, ನಿಲ್ಲರಿ,” ಎಂದರು ಕಾಕಾ.

ಕರಡಿನಲ್ಲಿ ಗುರುವಾರವೇ ಇತ್ತು. ಮಾಲಕರು ಒಂದು ಸಾಲು ಕೆಳಗೆ ಓದಿದ್ದರು.

“ಸಾವಕಾರ್ರ,” ಎಂದರು ಕಾಕಾ ಗಂಭೀರವಾಗಿ, “ಬಾಗಲದಾಗ ನಿಮ್ಮ ಚಪ್ಪಲಿನೂ ಅದಾವು.”

ನಾಗನೂರಿನ ಆ ರೈತರು ಹೊಸ ಹಾಳೆಗಾಗಿ ಮತ್ತೆ ಬಂದು ಕಾದು ಕೂತಿದ್ದರು. ಮೊದಲು ನಕ್ಕವರು ಅವರು. ಕೊನೆಗೆ ಮಾಲಕರೂ ನಕ್ಕರು. ಮನೆಗೆ ಕಳಿಸುವ ಮಾತು ಮತ್ತೆ ಬರಲಿಲ್ಲ. ಸಂಜೆಯ ಬಸ್ಸಿಗೆ ಆ ರೈತರೇ ತಮ್ಮೂರಿನ ಹಾಳೆಗಳನ್ನೂ ತೂಬಿನವರ ಹಾಳೆಗಳನ್ನೂ ಒಯ್ದರು.

ಕಂಪ್ಯೂಟರ್ ವಿಭಾಗದ ಇಬ್ಬರಿಗೂ ನಾನು ಇಷ್ಟನ್ನೇ ಹೇಳಿದೆ. ಪುಟದ ಅಳತೆಯನ್ನು ಅವರು ಒಂದೇ ಕಡತದಲ್ಲಿಟ್ಟರು. ಮೂರು ಭಾಷೆಯ ಪ್ರೋಗ್ರಾಮುಗಳೂ ಅದನ್ನೇ ಓದಿಕೊಳ್ಳುವಂತೆ ಮಾಡಿ, ಏನು ಬದಲಿಸಿದರೂ ಮೂರನ್ನೂ ಒಟ್ಟಿಗೆ ನಡೆಸಿ ನೋಡತೊಡಗಿದರು. ಫೋಲ್ಡರಿನ ವಾದ ನಾನು ನಿವೃತ್ತನಾಗುವವರೆಗೂ ಮುಗಿದಿರಲಿಲ್ಲ.

ಗೋಕಾಕದಲ್ಲಿ ಮರಾಠಿ ಕೆಲಸ ವರ್ಷದಿಂದ ವರ್ಷಕ್ಕೆ ಇಳಿಯಿತು. ಕಾಕಾ ಅವರ ಕಣ್ಣೂ ಹಾಗೆಯೇ. ಅರವತ್ತರ ದಶಕದ ಆರಂಭದಲ್ಲಿ ನಾನು ಪತ್ರಿಕೆಗೆ ಸೇರಲು ಹೊರಟಾಗ ಅವರು ಅಕ್ಷರ ಜೋಡಿಸುವುದನ್ನು ಬಿಟ್ಟಿದ್ದರು. ಪಗಾರ ನಿಂತಿರಲಿಲ್ಲ. ಯಂತ್ರದ ಬಾಜೂ ಒಂದು ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಎರಡು ಭಾಷೆಯ ಕೆಲಸ ಬಂದರೆ ಇಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಕೊನೆಯ ಸಾಲು ಮುಗಿದ ಮೇಲೆ “ಒಂದ ಐತಿ” ಎನ್ನುತ್ತಿದ್ದರು. ಆ ಮಾತು ಬರುವವರೆಗೆ, ಮಾಲಕರೇ ಅವಸರದಲ್ಲಿದ್ದರೂ, ಯಂತ್ರದ ಮೇಲೆ ಯಾರೂ ಕಾಲಿಡುತ್ತಿರಲಿಲ್ಲ.