ಇಮಾಂಬಿಯ ತಕರಾರು

ಇಮಾಂಬಿ ಖಾಲಾ ಸತ್ತವರ ಜೊತೆ ಮಾತಾಡುತ್ತಿದ್ದಳು. ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ಯಾವ ಹೆಣ್ಣುಮಗಳು ತೀರಿಕೊಂಡರೂ ಮಣ್ಣಿಗೆ ಒಯ್ಯುವ ಮೊದಲಿನ ಸ್ನಾನ ಮಾಡಿಸುವವಳು ಆಕೆಯೇ. ಅಂಗಳದಲ್ಲಿ ನಾಲ್ಕು ಚಾದರ ಕಟ್ಟಿ ಮರೆ ಮಾಡಿ, ಹಲಗೆಯ ಮೇಲೆ ಹೆಣ ಮಲಗಿಸಿದ ಮೇಲೆ ಒಳಗಿನಿಂದ ಆಕೆಯ ದನಿ ಕೇಳುತ್ತಿತ್ತು. "ಕೈ ಸಡ್ಲ ಬಿಡವಾ. ಹಾಂ, ಈ ಮಗ್ಗಲಾ ಹೊಳ್ಳು. ಆತು, ಆತು, ಇನ್ನ ತಲಿ ಒಂದ ಉಳದೈತಿ." ಬಾಣಂತಿಗೆ ಎರೆಯುವವರು ಹೀಗೆಯೇ ಮಾತಾಡುತ್ತಾರೆ. ನೀರನ್ನು ಮೊದಲು ತನ್ನ ಮುಂಗೈಯ ಒಳಮಗ್ಗುಲಿಗೆ ಸುರಿದುಕೊಂಡು, ಬಿಸಿ ಹದವಾಗಿದೆ ಅನ್ನಿಸಿದ ಮೇಲೆಯೇ ಮೈಗೆ ಹಾಕುತ್ತಿದ್ದಳು.

ಗದಗ ಹೊಸ ಜಿಲ್ಲೆಯಾದ ವರ್ಷ ನಾನು ಮದುವೆಯಾಗಿ ಆ ಓಣಿಗೆ ಬಂದೆ. ಬಂದ ಆರು ತಿಂಗಳಿಗೆ ನನ್ನ ಗಂಡನ ಅಜ್ಜಿ ತೀರಿಕೊಂಡರು. ಅವರ ಸ್ನಾನಕ್ಕೆ ನೀರು ಹಾಕಲು ಯಾರೂ ಮುಂದೆ ಬರಲಿಲ್ಲ. ಹೊಸ ಸೊಸೆ ನಾನೇ ತಂಬಿಗೆ ಹಿಡಿದು ನಿಂತೆ. ಮುಗಿದ ಮೇಲೆ ಕೇಳಿದೆ, "ಅವರಿಗೆ ನೀವು ಮಾತಾಡಿದ್ದು ಕೇಳಸತೈತೇನು ಖಾಲಾ?"

"ಯಾರಿಗೊತ್ತು. ಕೇಳಿಸಿದ್ರ ಚಲೋ ಆತು. ಕೇಳಿಸಲಿಲ್ಲಂದ್ರ ನಂದೇನ ಹೋತು?"

ಆವತ್ತಿನಿಂದ ನೀರು ಹಾಕುವವಳು ಬೇಕಾದಾಗಲೆಲ್ಲ ಆಕೆ ನನ್ನನ್ನೇ ಕರೆದಳು. ಬೆಳಗ್ಗೆ ಅಂಗನವಾಡಿಯಲ್ಲಿ ಮಕ್ಕಳಿಗೆ ಉಪ್ಪಿಟ್ಟು ಬಡಿಸಿ, ಮಧ್ಯಾಹ್ನ ಇನ್ನೊಬ್ಬರ ಅಂಗಳದಲ್ಲಿ ಹೆಣಕ್ಕೆ ನೀರು ಹಾಕಿದ ದಿನಗಳೂ ಇದ್ದವು.

ಆಕೆ ಹುಟ್ಟಿ ಬೆಳೆದದ್ದು ಡಂಬಳದಲ್ಲಿ, ಒಕ್ಕಲಿಗರ ಕೇರಿಯ ಪಕ್ಕದಲ್ಲಿ. ಹಾಗಾಗಿ ಓಣಿಯವರು ಉರ್ದುವಿನಲ್ಲಿ ಕೇಳಿದರೂ ಕನ್ನಡದಲ್ಲೇ ಉತ್ತರ ಕೊಡುವಳು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಕೌದಿ ಹೊಲಿದು ಬದುಕುತ್ತಿದ್ದಳು. ಎತ್ತರದ ಮೈಕಟ್ಟು, ಅಗಲವಾದ ಅಂಗೈ, ಎಡಗಣ್ಣಿನ ಮೇಲೆ ಒಂದು ಹಳೆಯ ಗಾಯದ ಕಲೆ. ನಗುವಾಗ ಬಾಯಿಗೆ ಸೆರಗು ಮುಚ್ಚಿಕೊಳ್ಳುವಳು, ಬೈಯುವಾಗ ತೆಗೆಯುವಳು.

ಜನ ಆಕೆಯ ಹತ್ತಿರ ಬರುತ್ತಿದ್ದದ್ದು ಕೌದಿಗಾಗಿ ಮಾತ್ರ ಅಲ್ಲ. ಸತ್ತವರ ಬಗ್ಗೆ ಕೇಳುವುದಕ್ಕೂ ಬರುತ್ತಿದ್ದರು. ಅಷ್ಟು ಹೆಣಗಳನ್ನು ಮುಟ್ಟಿದವಳಿಗೆ ಆ ಕಡೆಯ ಸುದ್ದಿ ಏನಾದರೂ ಗೊತ್ತಿರಬೇಕು ಅಂತ ಅವರ ಎಣಿಕೆ. ಒಮ್ಮೆ ಹಿಂದಿನ ಓಣಿಯ ಮುದುಕಿಯೊಬ್ಬಳು ಬಂದು ಕೂತಳು. ಮಗ ಕುಡಿದು ಕುಡಿದು ರಂಜಾನ್ ತಿಂಗಳಲ್ಲೇ ಸತ್ತಿದ್ದ. ಮಣ್ಣಿಗೆ ಬಂದವರಲ್ಲಿ ಯಾರೋ ಇವನಿಗೆ ದೋಜಖವೇ ಗತಿ, ನರಕದ ಬೆಂಕಿ ತಪ್ಪಿದ್ದಲ್ಲ ಅಂದುಬಿಟ್ಟಿದ್ದರು. ಮುದುಕಿ ಊಟ ಬಿಟ್ಟಿದ್ದಳು.

ಇಮಾಂಬಿ ಸೂಜಿ ನಿಲ್ಲಿಸಲಿಲ್ಲ. "ನಿನ್ನ ಮಗ ಸಣ್ಣಾವಿದ್ದಾಗ ಹೇಲಿನಾಗ ಹೊಳ್ಳಾಡತಿದ್ನಿಲ್ಲೋ?"

"ಹೊಳ್ಳಾಡತಿದ್ದ."

"ಆಗ ಏನ ಮಾಡತಿದ್ದಿ? ಒಲಿಯಾಗ ಒಗದಿಯೇನು?"

"ಇಲ್ಲವ್ವಾ. ತೊಳದು ಎತ್ಕೋತಿದ್ದೆ."

"ಅಷ್ಟ ಮತ್ತ. ನಿನಗಿಂತ ಕಡಿಮಿ ಏನು ಆ ಅಲ್ಲಾಹನ ಅಂತಃಕರಣ? ಏಳು, ಒಂದು ರೊಟ್ಟಿ ತಿನ್ನು."

ಮುದುಕಿ ಅಲ್ಲೇ ಕೂತು ರೊಟ್ಟಿ ತಿಂದಳು. ಆಕೆ ಹೋದ ಮೇಲೆ ನಾನು ಕೇಳಿದೆ. ಅರಬ್ಬಿ ಕಲಿಸುವ ಉಸ್ತಾದರಿಂದ ಸಣ್ಣಂದಿನಲ್ಲಿ ಬೆಂಕಿಯ ವರ್ಣನೆ ಕೇಳಿ ಕೇಳಿ ಹೆದರಿದವಳು ನಾನು. "ಹಂಗಾದ್ರ ದೋಜಖ ಯಾಕ ಮಾಡ್ಯಾನ ಖಾಲಾ? ಎಲ್ಲಾರನ್ನೂ ತೊಳದು ಎತ್ಕೊಳ್ಳಾವ ಇದ್ರ?"

ಸೂಜಿ ನಿಂತಿತು. "ಬೇಕದು," ಅಂದಳು. "ಒಬ್ಬಾಕಿ ಸಲುವಾಗಿ ಬೇಕು."

ಆ ಒಬ್ಬಾಕಿ ಯಾರೆಂದು ನನಗೆ ಓಣಿಯವರಿಂದ ಗೊತ್ತಾಯಿತು. ಇಮಾಂಬಿಗೆ ಇದ್ದವಳು ಒಬ್ಬಳೇ ಮಗಳು, ನೂರಜಾನ್; ಆಕೆ ಕರೆಯುತ್ತಿದ್ದದ್ದು ನೂರಾ ಅಂತ. ಶಿರಹಟ್ಟಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತರಲು ಹೋದಾಗ ಅತ್ತೆ ಖತೀಜಾಬಿ ಕಳಿಸಲಿಲ್ಲ. ಮನೆಯಲ್ಲಿ ಮೈದುನನ ಮದುವೆ ಇತ್ತು, ಕೆಲಸಕ್ಕೆ ಕೈ ಬೇಕಿತ್ತು. ಬೆಳಗಿನ ಜಾವ ಹೆಣ್ಣು ಕೂಸು ಹುಟ್ಟಿತು. ರಕ್ತ ನಿಲ್ಲಲಿಲ್ಲ. ನೋಡಲು ಬಂದ ನರ್ಸ್ ಈಗಿಂದೀಗ ಗದಗಿಗೆ ಒಯ್ಯಿರಿ ಅಂದಳು. ಖತೀಜಾಬಿ, "ಇದ ಖೋಲ್ಯಾಗ ನಾ ಆರು ಹಡದೇನಿ, ಎಲ್ಲಾ ಬಾಣಂತ್ಯಾರಿಗೂ ಹಿಂಗ ಆಗತೈತಿ," ಅಂದು ಬಿಟ್ಟಳು. ಮಧ್ಯಾಹ್ನ ಮೈ ತಣ್ಣಗಾದಾಗ ಜೀಪಿಗೆ ಓಡಿದರು. ಜೀಪು ಗದಗ ಮುಟ್ಟಲಿಲ್ಲ.

ಮಗಳಿಗೆ ಸ್ನಾನ ಮಾಡಿಸಿದ್ದು ಇಮಾಂಬಿಯೇ. ಬೇರೆಯವರು ಬೇಡ ಅಂದರೂ ಕೇಳಲಿಲ್ಲ. ಈ ವಿಷಯವನ್ನು ಆಕೆ ನನ್ನ ಮುಂದೆ ಆಡಿದ್ದು ಒಂದೇ ಸಲ. "ತೊಳಿಯಾಕ ಕುಂತಾಗ ಗೊತ್ತಾತು, ಎಷ್ಟು ಹೋಗೇತಿ ಅಂತ. ಮೈಯಾಗ ಏನೂ ಉಳದಿರಲಿಲ್ಲ. ಇಷ್ಟು ಹೋಗೂಮಟಾ ಒಬ್ಬಾಕಿ ಬಾಜೂಕ ಕುಂತು ನೋಡ್ಯಾಳಲ್ಲ, ಆಕಿನ್ನ ಕೇಳವರು ಯಾರು? ಪೋಲೀಸರು ಕೇಳಲಿಲ್ಲ, ಜಮಾತಿನವರು ಕೇಳಲಿಲ್ಲ. ಇನ್ನ ಮ್ಯಾಲಿನಾವನೇ ಕೇಳಬೇಕು."

ಕೂಸನ್ನು ಖತೀಜಾಬಿಯೇ ಸಾಕಿದಳು. ಹೆಸರು ರೇಷ್ಮಾ. ಅವಳಿಗೆ ಖತೀಜಾಬಿ ದಾದಿ, ಇಮಾಂಬಿ ನಾನಿ. ಅಳಿಯ ವರ್ಷಕ್ಕೆರಡು ಬಾರಿ, ಹಬ್ಬಕ್ಕೆ, ಮಗಳನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಲಕ್ಷ್ಮೇಶ್ವರಕ್ಕೆ ಬರುತ್ತಿದ್ದ. ಇಮಾಂಬಿ ಮಾತ್ರ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ರೇಷ್ಮಾಗೆ ಎಂಟು ವರ್ಷವಾದಾಗ ಖತೀಜಾಬಿ ಹಾಸಿಗೆ ಹಿಡಿದಳು. ಅಳಿಯ ಬಂದು ಹೇಳಿದ, "ಅವ್ವ ನಿಮ್ಮನ್ನ ನೋಡಬೇಕಂತಾಳ್ರಿ. ಒಂದ ಸಲ ಬರ್ರಿ."

"ಚಾ ಕುಡಿ," ಅಂದಳು ಇಮಾಂಬಿ.

ಅವನು ಚಹಾ ಕುಡಿದು ಹೋದ. ಹದಿನೈದು ದಿನ ಬಿಟ್ಟು ಮತ್ತೆ ಬಂದ. "ದಿನಾ ನಿಮ್ಮ ಹೆಸರು ಹಿಡದು ಅಳತಾಳ್ರಿ. ಮಾಫ್ ಮಾಡ್ರಿ ಅಂತ ಒಂದ ಮಾತು ಅಂದುಬಿಡ್ರಿ, ನಾನ ಹೋಗಿ ಹೇಳತೇನಿ."

ನಮ್ಮಲ್ಲಿ ಒಂದು ನಂಬಿಕೆ. ದೇವರಿಗೆ ಮಾಡಿದ ತಪ್ಪನ್ನು ದೇವರು ಮನ್ನಿಸುತ್ತಾನೆ, ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರೇ ಮನ್ನಿಸಬೇಕು. ಅದಿಲ್ಲದೆ ಅವನೂ ಕೈ ಹಾಕುವುದಿಲ್ಲ. ಖತೀಜಾಬಿಗೆ ಅದು ಗೊತ್ತಿತ್ತು. ಇಮಾಂಬಿಗೂ ಗೊತ್ತಿತ್ತು.

"ಚಾ ಕುಡದಿ, ಆತಲ್ಲ. ಬಸ್ಸಿನ ಹೊತ್ತಾತು," ಅಂದಳು.

ಮೂರನೆಯ ಸಲ ಅವನು ಬೆಳಗ್ಗೆ ಎಂಟಕ್ಕೇ ಬಂದ. ಬಾಗಿಲಲ್ಲೇ ನಿಂತು ಹೇಳಿದ, "ಅವ್ವ ಹೋದಳ್ರಿ. ನಿಮ್ಮ ಕೈಲೆ ಸ್ನಾನ ಆಗಬೇಕು ಅಂತ ಹೇಳಿ ಹೋಗ್ಯಾಳ. ನೀವು ಒಲ್ಲೆ ಅಂದ್ರ ಬ್ಯಾರೇದವರು ಅದಾರ. ಆದ್ರ ಹೇಳೂದು ನನ್ನ ಧರ್ಮ."

ಇಮಾಂಬಿ ಅರ್ಧ ಹೊಲಿದ ಕೌದಿಯನ್ನು ಮಡಚಿದಳು. ಆಮೇಲೆ ನಮ್ಮ ಮನೆಯ ಕಡೆ ತಿರುಗಿ ಕೂಗಿದಳು. "ಜುಬೇದಾ, ಬಾ. ನೀರು ಹಾಕಾಕ ಒಬ್ಬಾಕಿ ಬೇಕು."

ಶಿರಹಟ್ಟಿಯ ಬಸ್ಸು ಹತ್ತಿದೆವು. ಹೆಣ ಸಿಕ್ಕಾಗ ಏನು ಮಾಡುತ್ತಾಳೋ ಅಂತ ನನಗೆ ಭಯವೇ ಇತ್ತು. ಹಿತ್ತಲಲ್ಲಿ ಚಾದರ ಕಟ್ಟಿದ್ದರು. ಖತೀಜಾಬಿ ಹಲಗೆಯ ಮೇಲೆ ಮಗುವಿನಷ್ಟು ಸಣ್ಣಗಾಗಿ ಮಲಗಿದ್ದಳು. ಇಮಾಂಬಿ ತೋಳು ಮಡಚಿ ಕೆಲಸಕ್ಕೆ ಕೂತಳು. ಎಲ್ಲವನ್ನೂ ಕ್ರಮವಾಗಿ ಮಾಡಿದಳು. ಬಾರಿಹಣ್ಣಿನ ಗಿಡದ ಎಲೆ ಕುದಿಸಿದ ನೀರು, ಬಲಮಗ್ಗುಲು, ಎಡಮಗ್ಗುಲು, ಒಂದೂ ಬಿಡಲಿಲ್ಲ. ಮಾತು ಮಾತ್ರ ಇರಲಿಲ್ಲ. ಯಾವ ಹೆಣದ ಮುಂದೆಯೂ ಆಕೆ ಅಷ್ಟು ಸುಮ್ಮನೆ ಇದ್ದದ್ದನ್ನು ನಾನು ನೋಡಿರಲಿಲ್ಲ.

ಹೊಸದಾಗಿ ಕಾಯಿಸಿ ತಂದ ಹಂಡೆಯಿಂದ ತಂಬಿಗೆ ತುಂಬಿ ನಾನು ಎದೆಯ ಮೇಲೆ ಸುರಿಯಲು ಹೋದೆ. ಆಕೆ ಥಟ್ಟನೆ ನನ್ನ ಕೈ ಹಿಡಿದಳು. ಮುಂಗೈಗೆ ಎರಡು ಹನಿ ಹಾಕಿಕೊಂಡು ನೋಡಿದಳು.

"ಸುಡತೈತಿ," ಅಂದಳು. "ತಣ್ಣೀರು ಕೂಡಸು."

ನಾನು ತಣ್ಣೀರು ಬೆರೆಸಿದೆ. ಆಕೆ ಮತ್ತೆ ನೋಡಿ, ತಾನೇ ಸುರಿದಳು.

ಕಫನ್ ಬಟ್ಟೆ ಹೊದಿಸಿ ಒಳಗೆ ತಂದ ಮೇಲೆ ರೇಷ್ಮಾ ಬಂದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. ಇಮಾಂಬಿಯ ಸೆರಗು ಹಿಡಿದು, ಇಡೀ ಕೋಣೆಗೆ ಕೇಳುವಂತೆ ಕೇಳಿದಳು. "ನಾನೀ, ದಾದಿ ದೋಜಖಕ್ಕ ಹೋಗತಾಳೇನು? ದಿನಾ ಹಂಗ ಅಂತಿದ್ಲು. ನಿಮ್ಮ ನಾನಿ ನನ್ನ ಬಿಡಂಗಿಲ್ಲ ಅಂತಿದ್ಲು."

ಹೆಂಗಸರ ಅಳು ನಿಂತಿತು. ಇಮಾಂಬಿ ಮೊಮ್ಮಗಳ ತಲೆ ನೋಡಿದಳು. ಎಣ್ಣೆ ಹಚ್ಚಿ, ಬೈತಲೆ ನೇರ ತೆಗೆದು, ಎರಡು ಜಡೆ ಬಿಗಿಯಾಗಿ ಹೆಣೆದು ಕೆಂಪು ರಿಬ್ಬನ್ ಕಟ್ಟಿತ್ತು.

"ಜಡಿ ಯಾರು ಹಾಕಿದ್ರು?"

"ದಾದಿನ. ನಿನ್ನೆ ಮಲಕೊಂಡ ಹಾಕಿದ್ಲು. ಏಳಾಕ ಆಗತಿರಲಿಲ್ಲ, ನಾ ನೆಲದಾಗ ಕುಂತಿದ್ದೆ."

ಇಮಾಂಬಿ ಜಡೆಯನ್ನು ಕೈಯಲ್ಲಿ ಹಿಡಿದು ತುದಿಯವರೆಗೂ ಸವರಿದಳು. "ಹೋಗಂಗಿಲ್ಲ," ಅಂದಳು.

"ಖರೆ?"

"ಖರೆ. ಆಕಿ ಮ್ಯಾಲೆ ತಕರಾರು ಇದ್ದದ್ದು ನಂದೊಬ್ಬಾಕಿದು. ಬಿಟ್ಟೆ."

ಖತೀಜಾಬಿಯ ಮಗ ಗೋಡೆಗೆ ಮುಖ ಮಾಡಿ ಅತ್ತುಬಿಟ್ಟ. ಇಮಾಂಬಿ ಅಲ್ಲಿ ಒಂದು ಲೋಟ ನೀರನ್ನೂ ಕುಡಿಯಲಿಲ್ಲ. ಮಣ್ಣಿಗೆ ಒಯ್ದ ಮೇಲೆ ನಾವು ಬಸ್ ನಿಲ್ದಾಣಕ್ಕೆ ನಡೆದೆವು.

ಬಸ್ಸಿನಲ್ಲಿ ನಾನು ಕೇಳಿದೆ, "ಮನಸಿನಿಂದ ಮಾಫ್ ಮಾಡಿದ್ರೇನು ಖಾಲಾ?"

"ಇಲ್ಲ," ಅಂದಳು. "ಹೊಟ್ಯಾಗ ಸಿಟ್ಟು ಹಂಗ ಐತಿ. ಆದ್ರ ಹುಡುಗಿ ಮುಂದ ಹೇಳಿಬಿಟ್ಟೇನಿ, ಇನ್ನ ಹಿಂದ ತಗೊಳ್ಳಾಕ ಬರಂಗಿಲ್ಲ." ಸ್ವಲ್ಪ ದೂರ ಹೋದ ಮೇಲೆ ತಾನೇ ಮುಂದುವರಿಸಿದಳು. "ದೋಜಖ ಇರಬೇಕವಾ. ಇಲ್ಲಂದ್ರ ನೂರಾ ಸತ್ತದ್ದು ಏನೂ ಅಲ್ಲ ಅಂದಂಗಾತು. ಆದ್ರ ಅದರಾಗ ಇಂಥಾಕಿನ್ನ ಹಾಕು ಅಂತ ಬೊಟ್ಟು ಮಾಡಿ ತೋರಸಾಕ ಇವತ್ತ ನನ್ನ ಕೈಲೆ ಆಗಲಿಲ್ಲ. ನನ್ನ ಕೈಲೇ ಆಗಲಿಲ್ಲಂದ್ರ ಅವನ ಕೈಲೆ ಆಗತೈತೋ ಇಲ್ಲೋ, ನನಗೇನ ಗೊತ್ತು?"

ಅದಾದ ಮೇಲೆ ರೇಷ್ಮಾ ರಜೆಯಲ್ಲೆಲ್ಲ ಲಕ್ಷ್ಮೇಶ್ವರದಲ್ಲೇ ಇರತೊಡಗಿದಳು. ನನ್ನ ಗಂಡನ ಅಂಗಡಿ ಮುಂಡರಗಿಗೆ ಹೋಯಿತು, ನಾವೂ ಹೋದೆವು. ಇಮಾಂಬಿಗೆ ಕಾಲು ಬಿದ್ದುಹೋಗಿದೆ ಅಂತ ಸುದ್ದಿ ಬಂದಾಗ ನೋಡಲು ಹೋದೆ. ಗೋಡೆಗೆ ಒರಗಿ ಕೂತಿದ್ದಳು. ಸೊರಗಿದ್ದಳು, ದನಿ ಮಾತ್ರ ಹಾಗೇ ಇತ್ತು. ನನ್ನ ಮಕ್ಕಳ ಸುದ್ದಿ, ಮುಂಡರಗಿಯ ನೀರಿನ ಸುದ್ದಿ ಎಲ್ಲ ಕೇಳಿದಳು. ಹೊರಡುವ ಹೊತ್ತಿಗೆ ಧೈರ್ಯ ಮಾಡಿ ಕೇಳಿದೆ, "ಅಂಜಿಕಿ ಆಗತೈತೇನು ಖಾಲಾ?"

"ಅಲ್ಲಾಹಂದೇನು? ಇಲ್ಲ. ಅವಂಗ ನನ್ನ ಹಣೇಬರ ಎಲ್ಲಾ ಗೊತ್ತೈತಿ." ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಮಗಳದ್ದು ಐತಿ. ಸತ್ತಾಕಿ ನಾನು, ನನ್ನ ಕೇಳದ ನೀ ಹೆಂಗ ಮಾಫ್ ಮಾಡಿದೆವ್ವಾ ಅಂತ ನೂರಾ ಕೇಳಿದ್ರ ಏನ ಹೇಳ್ಲಿ?"

ನಾನು ಆಕೆಯ ಕೈ ಹಿಡಿದೆ. ಆಕೆ ಕಿಟಕಿಯ ಬೆಳಕು ನೋಡಿ, "ಏಳು, ಬಸ್ ತಪ್ಪೀತು," ಅಂದಳು.

ಆ ಮಳೆಗಾಲದಲ್ಲಿ ಇಮಾಂಬಿ ತೀರಿಕೊಂಡಳು. ಸುದ್ದಿ ನನಗೆ ಮುಟ್ಟಿದ್ದು ಮೂರನೆಯ ದಿನ; ಆಕೆಯ ಸ್ನಾನಕ್ಕೆ ನೀರು ಹಾಕಲು ನಾನಿರಲಿಲ್ಲ.