ಪುಟದಲ್ಲಿ ಇಲ್ಲದ ಸಾಲು

ಓದುಗರಿಗೆ ನಮಸ್ಕಾರ. ನಾನು ಎಸ್ಸೆಸ್ಸೆಲ್ಸಿ ಪಾಸಾದಾಗಲೇ ಇಪ್ಪತ್ತೇಳು ತುಂಬಿತ್ತು. ಈಗ ತುಮಕೂರಿನ ಸದಾಶಿವನಗರದಲ್ಲಿ ಕೂತು, ಒಂದೊಂದೇ ಅಕ್ಷರ ಹುಡುಕಿ ಟೈಪು ಮಾಡುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಎಂಬತ್ತರ ದಶಕದ ಮೊದಲಲ್ಲಿ, ಗುಬ್ಬಿ ತಾಲ್ಲೂಕಿನ ನಮ್ಮೂರ ಶಾಲೆ ಸ್ಮರಣ ಸಂಚಿಕೆ ತರುವುದಿತ್ತು. ಊರ ಕೆರೆಯ ಇತಿಹಾಸ ಬರೆಯುವ ಕೆಲಸ ನನಗೆ ಬಂತು. ನೀರಗಂಟಿಯನ್ನು ಮನೆಗೆ ಕರೆಸಿದೆ. ಸರದಿಯಂತೆ ಗದ್ದೆಗಳಿಗೆ ಕೆರೆ ನೀರು ಬಿಡುವುದು ಅವರ ಮನೆತನದ ಕೆಲಸ. ನಾನು ಜಗುಲಿ ಮೇಲೆ ಕೂತಿದ್ದೆ. ನನ್ನಪ್ಪನ ವಯಸ್ಸಿನ ಅವರು ಅಂಗಳದಲ್ಲಿ ನಿಂತಿದ್ದರು.

"ಏರಿ ಬಿರುಕು ಬಿಟ್ಟಾಗ ನಮ್ಮಜ್ಜ ತೂಬಿಗೆ ಇಳಿದು ಗೂಟ ಕಿತ್ನಂತೆ ಬುದ್ಧಿ. ನೀರು ಹೊರಕ್ಕೋಯ್ತು, ಏರಿ ಉಳ್ಕಂತು. ಅಜ್ಜ ಮ್ಯಾಕೆ ಬರ್ನಿಲ್ಲ. ಅದ್ನೂ ಒಂದ್ ಸಾಲು ಬರ್ಕಳಿ."

"ಬರೀತೀನಿ ಬುಡ್ಲಾ," ಅಂದೆ.

ಬರೆಯಲಿಲ್ಲ. ನಮ್ಮ ಮುತ್ತಜ್ಜ ಗಂಗಮ್ಮನಿಗೆ ಪೂಜೆ ಕೊಟ್ಟ ಮೇಲೆ ಏರಿ ನಿಂತಿತು ಅಂತ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಅದನ್ನೇ ಬರೆದೆ. ಸುಳ್ಳು ಅನ್ನಿಸಲೂ ಇಲ್ಲ. ಜಗುಲಿ ಮೇಲಿನವರು ಹೇಳಿದ್ದು ಇತಿಹಾಸ, ಅಂಗಳದಲ್ಲಿ ನಿಂತವರು ಹೇಳಿದ್ದು ಬರೀ ಮಾತು, ಹಾಗೇ ಬೆಳೆದಿದ್ದೆ.

ಸಂಚಿಕೆ ಬಂದಾಗ ಅವರೂ ಒಂದು ಪ್ರತಿ ಹಿಡಿದು ಬಂದರು. "ನಮ್ಮಜ್ಜಂದು ಓದಿ ಬುದ್ಧಿ."

ಪುಟದ ಮೇಲೆ ಬೆರಳಿಟ್ಟು, ಅಲ್ಲಿ ಇಲ್ಲದ ಸಾಲನ್ನು ಓದಿದೆ. ಆವತ್ತು ಅವರು ಹೇಳಿದ್ದ ಅಜ್ಜನ ಹೆಸರನ್ನೂ ಸೇರಿಸಿಯೇ ಓದಿದೆ. ಅವರು ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು.

ಮುಂದಿನ ವರ್ಷ ಊರಲ್ಲಿ ವಯಸ್ಕರ ಶಿಕ್ಷಣದ ಕ್ಲಾಸು ಶುರುವಾಯಿತು. ಅವರೂ ಸೇರಿದರು. "ಈ ವಯಸ್ಸಲ್ಲಿ ಡೀಸಿ ಆಗ್ತೀಯೇನ್ಲಾ?" ಅಂತ ಊರವರು ಆಡಿಕೊಂಡರೆ, "ಒಂದೇ ಒಂದ್ ಸಾಲು ಓದ್ಬೇಕು ಬುದ್ಧಿ, ಅಷ್ಟೇಯ" ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಸಂಚಿಕೆ ಹಿಡಿದು ಬಂದೇಬಿಟ್ಟರು.

"ಬೆರಳಿಟ್ಕಂಡು ಪೂರ್ತಿ ಓದ್ದೆ ಬುದ್ಧಿ. ಗಂಗಮ್ಮ ಸಿಕ್ಕುದ್ಲು, ನಿಮ್ ಮುತ್ತಜ್ಜೋರು ಸಿಕ್ಕುದ್ರು. ನಮ್ಮಜ್ಜ ಸಿಗ್ನಿಲ್ಲ. ನಂಗಿನ್ನೂ ಓದಕ್ಕೆ ಸರ್ಯಾಗಿ ಬರಾಕಿಲ್ವೇನೋ."

ನಿಜ ಹೇಳಬಹುದಿತ್ತು. "ಹೂಂ ಕಣ್ಲಾ, ಇನ್ನೊಸಿ ಕಲೀಬೇಕು" ಅಂದೆ. ಅವರು ತಲೆಯಾಡಿಸಿ, ಮತ್ತೆ ಕ್ಲಾಸಿಗೆ ಹೋದರು.

ಅವರು ತೀರಿಕೊಂಡು ಬಹಳ ವರ್ಷವಾಯಿತು. ಇವತ್ತಾದರೂ ಆ ಸಾಲು ಬರೆಯೋಣ ಅಂತ ಕೂತರೆ ಅಜ್ಜನ ಹೆಸರೇ ನೆನಪಾಗುತ್ತಿಲ್ಲ. ಆವತ್ತು ಬಾಯಲ್ಲಿ ಹೇಳಿದ್ದೆನಲ್ಲ, ಅಷ್ಟೇ; ಎಲ್ಲೂ ಬರೆದಿಟ್ಟಿರಲಿಲ್ಲ.

ನಿಮ್ಮೂರ ಇತಿಹಾಸದಲ್ಲೂ ಇಂಥ ಸಾಲು ಬಿಟ್ಟುಹೋಗಿದ್ದರೆ, ಬಿಟ್ಟವರು ನೀವೇ ಆಗಿದ್ದರೂ ಸರಿ, ದಯವಿಟ್ಟು ಬರೆದು ತಿಳಿಸಿ.