ಎಡಗಡೆಯ ಸೂಜಿಗುರುತು

ಗವಿಪುರದ ಶೈಲಜಮ್ಮ ಇಪ್ಪತ್ತಾರು ವರ್ಷದಿಂದ ಇಲಿಯ ಮಿದುಳು ಕೊಯ್ಯುತ್ತಿದ್ದರು. ಚಾಮರಾಜಪೇಟೆಯ ಒಂದು ಪ್ರಯೋಗಾಲಯದಲ್ಲಿ ಅದೇ ಅವರ ಕೆಲಸ. ಹೆಪ್ಪುಗಟ್ಟಿಸಿದ ಮಿದುಳನ್ನು ಕೂದಲಿಗಿಂತ ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಸೀಳಿ, ಕುಂಚದ ತುದಿಯಲ್ಲಿ ಎತ್ತಿ ಉಪ್ಪುನೀರಿಗೆ ಬಿಡುವುದು. ಒಂದೊಂದು ಬಿಲ್ಲೆಗೂ ಬಾಯೊಳಗೆ ಒಂದು ‘ಓಂ ನಮಃ ಶಿವಾಯ’.

ಬೇಕಾದದ್ದು ಮಿದುಳಿನ ಬುಡದಲ್ಲಿ, ನೀರು ತುಂಬಿದ ಪೊಳ್ಳಿನ ಎಡಕ್ಕೊಂದು ಬಲಕ್ಕೊಂದು ಇರುವ ಪುಟ್ಟ ಕೋಶಗುಂಪು. ಗಸಗಸೆ ಕಾಳಿನಷ್ಟು ಜಾಗದಲ್ಲಿ ಸಾವಿರದೈನೂರು ಕೋಶ. ಮೂವತ್ತು ಬಿಲ್ಲೆ ದಾಟಿದರೆ ಮುಗಿಯಿತು. ಕೈಕಾಲು ನಡುಗುವ ಕಾಯಿಲೆಯಲ್ಲಿ ಈ ಗುಂಪು ಬೇಗ ಸಾಯುತ್ತದೆ ಎಂದು ಸಂಶೋಧನೆಯ ಹುಡುಗಿ ಆರಾಧನಾ ಹೇಳಿದ್ದಳು. ಅವಳು ಇಲಿಯ ಎರಡೂ ಕಡೆಯ ಗುಂಪಿಗೆ ಹಾನಿ ಮಾಡಿ, ಬಲಗಡೆಗೆ ಮಾತ್ರ ಮದ್ದು ಕೊಟ್ಟಿದ್ದಳು. ಯಾವ ಕಡೆ ಎಷ್ಟು ಕೋಶ ಉಳಿಯಿತೆಂದು ಎಣಿಸಬೇಕು.

ಬಿಲ್ಲೆ ನೀರಿನಲ್ಲಿ ಮಗುಚಿದರೆ ಎಡ ಬಲವಾಗುತ್ತದೆ. ಅದಕ್ಕೇ ಕೊಯ್ಯುವ ಮೊದಲು ಎಡಗಡೆಗೆ ಸೂಜಿಯಿಂದ ಉದ್ದಕ್ಕೂ ಒಂದು ತೂತು ಹಾಕುವುದು ರೂಢಿ; ಆಗ ಪ್ರತಿ ಬಿಲ್ಲೆಯಲ್ಲೂ ಅದು ಕಾಣುತ್ತದೆ.

ಶ್ರಾವಣದ ಒಂದು ಬೆಳಗ್ಗೆ ಪೂಜೆಗೆ ಕೂತಾಗ, ಎಡ ಅಂಗೈಯ ಮೇಲಿನ ಲಿಂಗ ಅಲುಗಿ ಬಿಲ್ವಪತ್ರೆ ಜಾರಿತ್ತು. ಕಾರ್ತಿಕದ ಹೊತ್ತಿಗೆ ಬಲಗೈಯೂ ನಡುಗತೊಡಗಿತು. ಹೇಳಿದರೆ ಬ್ಲೇಡಿನ ಮುಂದೆ ಕೂರಿಸುವುದಿಲ್ಲವೆಂದು ಶೈಲಜಮ್ಮ ಬಾಯಿ ಬಿಡಲಿಲ್ಲ.

ಹನ್ನೊಂದನೆಯ ಇಲಿಯ ದಿನ ಸೂಜಿಯ ತುದಿ ನಿಲ್ಲಲೇ ಇಲ್ಲ. ಗುಂಪಿಗೇ ಚುಚ್ಚಿಬಿಟ್ಟರೆ? ಸೂಜಿ ಕೆಳಗಿಟ್ಟರು. ಜೋಪಾನವಾಗಿ ಎತ್ತಿದರಾಯಿತು, ಶಿವ ನೋಡಿಕೊಳ್ಳುತ್ತಾನೆ ಎಂದುಕೊಂಡರು. ಹದಿನಾರನೆಯ ಬಿಲ್ಲೆಗೆ ಕುಂಚ ನಡುಗಿತು. ಅದು ಮಗುಚಿತೋ ಇಲ್ಲವೋ ಅವರಿಗೇ ತಿಳಿಯಲಿಲ್ಲ. ಆಮೇಲೆ ಇನ್ನೂ ನಾಲ್ಕು ಹಾಗೆಯೇ ಆದವು.

“ಆಂಟಿ, ನಿಮ್ದು ಕೈಯಲ್ಲ, ಮಿಷನ್ನು!” ಎನ್ನುತ್ತ ಆರಾಧನಾ ಬಂದಳು. “ಇದೊಂದು ಮುಗೀಲಿ, ದೋಸೆ ಕೊಡಿಸ್ತೀನಿ.”

ತೂತು ಮರೆತೆ, ಬಿಲ್ಲೆ ಮಾತ್ರ ಒಂದೂ ಮಗುಚಿಲ್ಲ ಎಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ತೂತು ಹಾಕಿಲ್ಲಮ್ಮ.”

“ತಮಾಷೆ ಮಾಡ್ಬೇಡಿ.”

“ಐದು ಬಿಲ್ಲೆ ಮಗುಚಿರಬಹುದು. ಮದ್ದು ಯಾವ ಕಡೆದು ಅಂತ ಹೇಳೋಕಾಗಲ್ಲ. ಈ ಇಲಿನ ಬಿಟ್ಬಿಡು.”

“ಎಂಟು ತಿಂಗಳು ಸಾಕಿದ್ದು ಆಂಟಿ! ಯಾಕೆ ಹಾಕ್ಲಿಲ್ಲ?”

ಶೈಲಜಮ್ಮ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದರು. ಆರಾಧನಾ ನೋಡಿದಳು. ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

“ಯಾವಾಗಿಂದ?”

“ಶ್ರಾವಣದಿಂದ. ಮಿಕ್ಕ ಇಲಿಗಳಿಗೆಲ್ಲ ತೂತು ಇದೆ, ನೋಡ್ಕೊ.”

ಮರುದಿನದಿಂದ ಬ್ಲೇಡಿನ ಮುಂದೆ ವಾಣಿ ಎಂಬ ಹೊಸಬಳು ಕೂರುವುದೆಂದಾಯಿತು. ಶೈಲಜಮ್ಮನಿಗೆ ಸೀಸೆಗಳಿಗೆ ಚೀಟಿ ಅಂಟಿಸುವ ಕೆಲಸ.

ಇಲಿ ಕೊಯ್ದ ದಿನ ಸಂಜೆ ಮತ್ತೆ ಮಿಂದು ಪೂಜೆಗೆ ಕೂರುವುದು ಅವರು ತಾವೇ ಇಟ್ಟುಕೊಂಡ ನೇಮ. ಅಂದೂ ಕೂತರು. ನಡುಗುವ ಎಡಗೈಯನ್ನು ಬಲಗೈಯಿಂದ ಬಿಗಿಯಾಗಿ ಹಿಡಿದುಕೊಂಡರು. ಲಿಂಗ ಬೀಳಲಿಲ್ಲ. ಪತ್ರೆ ಏರಿಸಲು ಮಾತ್ರ ಕೈ ಉಳಿಯಲಿಲ್ಲ.